ಕ್ಲೋಟಿಲ್ಡ್ ಬತಿಸ್ತ್ ಅವರ ಜಗಲಿಯ ಲೆಕ್ಕ

ನೀರು ಇಳಿದ ಮೇಲೆ ಆಫೀಸಿನವರು ಬಂದು
ಕೇರಿಯ ಮನೆಗಳನ್ನೆಲ್ಲ ಕಂಬದ ಮೇಲೆ ಎತ್ತಿಸಿದರು.
ಎಂಟಡಿ. ಇನ್ನು ಹೊಳೆ ಬಂದರೂ
ಕಾಲಡಿಗೇ ಹರಿದುಹೋಗುತ್ತದೆ.
ಹೊಳೆ ಬರಲಿಲ್ಲ.
ಬೀದಿ ಹರಿದುಹೋಯಿತು.
ನ್ಯೂ ಆರ್ಲಿಯನ್ಸಿನ ನಮ್ಮ ಕೇರಿಯಲ್ಲಿ
ಮೇಲಿನವರಿಗೆ ಬರೀ ಟೋಪಿಗಳು,
ಕೆಳಗಿನವರಿಗೆ ಚಪ್ಪಲಿಯ ಅಟ್ಟೆ.

"ನನಗೊಂದು ಜಗಲಿ ಬೇಕು ಅಲ್ಸೀ," ಎಂದರು ಕ್ಲೋಟಿಲ್ಡ್,
"ನೋಡೋದಕ್ಕಲ್ಲ, ಸಿಕ್ಕಿಬೀಳೋದಕ್ಕೆ."
ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಸೌಟು ಹಿಡಿದ ಕೈ ಅದು,
ಬೇಡ ಎನ್ನಲು ಯಾರಿಗೆ ಧೈರ್ಯ.

ಬಡಗಿ ನಾನು, ಅಳತೆ ಕೇಳಿದೆ.
ಆಳ ಎಷ್ಟು?
"ಇಬ್ಬರು ಕಾಲು ಚಾಚಿ ಕೂತಿದ್ದರೂ
ಮೂರನೆಯವರು 'ಸ್ವಲ್ಪ ಸರೀರಿ' ಅನ್ನದೆ ದಾಟಬೇಕು."
ಎಂಟಡಿ ಎಂದು ಬರೆದುಕೊಂಡೆ.
ಕಟಕಟೆ?
"ಲೋಟ ಇಡುವಷ್ಟು ಅಗಲ,
ಮೊಣಕೈ ಊರಿದರೆ
ಸುದ್ದಿ ತಾನಾಗಿ ಬಾಯಿಗೆ ಬರುವಷ್ಟು ಎತ್ತರ."
ಇದಕ್ಕೆ ಇಂಚುಪಟ್ಟಿಯಲ್ಲಿ ಗೆರೆಯಿಲ್ಲ; ಊಹಿಸಿದೆ.

ಮನೆ ಮೇಲೇ ಇರಲಿ, ಜಗಲಿ ಇಳಿಯಲಿ ಎಂದು ತೀರ್ಮಾನವಾಯಿತು.
ಬಾಗಿಲಿಂದ ಹತ್ತು ಮೆಟ್ಟಿಲು ಜಗಲಿಗೆ,
ಅಲ್ಲಿಂದ ನಾಲ್ಕು, ಅಗಲವಾದವು, ಬೀದಿಗೆ.
ಸೋದರಳಿಯ ಒನೆಲ್‌ನನ್ನು ರಸ್ತೆಯಲ್ಲಿ ನಿಲ್ಲಿಸಿ
ಹಲಗೆಯ ಮೇಲೆ ಬಕೆಟ್ಟು ಕವುಚಿ ಕೂತು
ಹುಬ್ಬಿನಿಂದ ಹುಬ್ಬಿಗೆ ದಾರ ಎಳೆದೆ.
ದಾರ ಕೊಂಚ ಓರೆ.
"ಇರಲಿ ಬಿಡು," ಎಂದರು,
"ಮುದುಕಿಗೆ ಅಷ್ಟಾದರೂ ಎತ್ತರ ಬೇಡವೆ?"

ದೂರದ ಲೆಕ್ಕ ಹೀಗೆ:
ಅವರು ಮಾಮೂಲು ದನಿಯಲ್ಲಿ "ಬೆಂಡೆಕಾಯಿ, ಬೆಂಡೆಕಾಯಿ" ಎನ್ನುತ್ತಿರಬೇಕು,
ನಾನು ಹಿಂದೆ ಹಿಂದೆ ಸರಿಯಬೇಕು.
ಬೆಂಡೆಕಾಯಿ ಬರೀ "ಕಾಯಿ" ಆದಲ್ಲಿ ನಿಂತೆ,
ಎರಡು ಹೆಜ್ಜೆ ಮುಂದೆ ಬಂದು ಗೂಟ ಹೊಡೆದೆ.

ಸೂರಿನ ಒಳಮೈಗೆ ತಿಳಿನೀಲಿ ಬಣ್ಣ.
ದೆವ್ವ ಬರುವುದಿಲ್ಲವಂತೆ, ಆಕಾಶವೆಂದು ಮೋಸಹೋಗಿ
ಕಣಜ ಗೂಡು ಕಟ್ಟುವುದಿಲ್ಲವಂತೆ.
ದೆವ್ವದ ವಿಚಾರ ಗೊತ್ತಿಲ್ಲ.
ಕಣಜ ಕಟ್ಟುತ್ತದೆ.

ಅಕ್ಟೋಬರಿಗೆ ಮುಗಿಯಿತು.
ಐದು ಕುರ್ಚಿ, ಒಂದಕ್ಕೊಂದು ಸಂಬಂಧವಿಲ್ಲದವು,
ಒಂದಿಷ್ಟು ಚಹಾ, ಜಗ್ಗಿನ ಬಾಯಿಗೆ ಬಟ್ಟೆ.
ಮೂರು ವಾರ ಯಾರೂ ಬರಲಿಲ್ಲ.
ಕೈಬೀಸಿದರು. "ಚೆನ್ನಾಗಿದೆ" ಎಂದರು. ಹೋದರು.
ನನಗೂ ತಡವಾಗಿ ಹೊಳೆಯಿತು:
ಆಳ ಕೊಟ್ಟಿದ್ದೆ, ಎತ್ತರ ಕೊಟ್ಟಿದ್ದೆ,
ನೆಪವೊಂದನ್ನು ಕೊಟ್ಟಿರಲಿಲ್ಲ.

ಆಮೇಲೆ ಮೂರನೇ ಮೆಟ್ಟಿಲು.
ಮರ ಹಸಿಯಿತ್ತು, ಒಣಗಿ ಕುಗ್ಗಿತು, ಮೊಳೆ ಸಡಿಲಾಯಿತು.
ಕಿರ್ರ್.
ಅಂಚೆಯ ಲೂರ್ಡ್ ಕಾಗದ ಕೊಡಲು ಹತ್ತಿದವಳು
"ಅಯ್ಯೋ, ಬಿದ್ದುಬಿಟ್ಟೀರಿ!" ಎಂದು
ಅರ್ಧ ಗಂಟೆ ಕೂತು ತನ್ನ ಅತ್ತೆ ಬಿದ್ದ ಕಥೆ ಹೇಳಿದಳು.
ಮೂಲೆಮನೆಯ ತ್ರಾನ್ ತಾತ ಮೊಳೆ ತಂದ,
ಮಾರನೇ ದಿನ ಅದಕ್ಕಿಂತ ಉದ್ದದ್ದು ತಂದ,
ಅದರ ಮಾರನೇ ದಿನ ಮೊಳೆ ಮರೆತು ಬಂದ.

ಎದುರುಮನೆಯ ಫಿಲಿಬರ್ಟ್‌ಗೂ ಕ್ಲೋಟಿಲ್ಡ್‌ಗೂ
ಹನ್ನೊಂದು ವರ್ಷದಿಂದ ಮಾತಿಲ್ಲ;
ಬೇಲಿ ದಾಟಿದ ಅಂಜೂರದ ಕೊಂಬೆ,
ಹೇಳದೆ ಬೀಸಿದ ಗರಗಸ.
ಆತನೂ ಸುತ್ತಿಗೆ ಹಿಡಿದು ಬಂದ.
ಮೊಣಕಾಲೂರಿ ಮೆಟ್ಟಿಲನ್ನು ಒತ್ತಿ ನೋಡಿದ, ಕಿವಿಯಿಟ್ಟ.
"ಯಾರು ಮಾಡಿದ್ದು ಇದನ್ನ?"
"ಅಲ್ಸೀ."
"ಗೊತ್ತಾಗ್ತದೆ."
ಹನ್ನೊಂದು ವರ್ಷದ ಮೇಲೆ ಮೊದಲ ಮಾತು;
ಅದು ನನ್ನ ಕಸುಬಿನ ಮೇಲೆ ಉಗುಳಿದ್ದು.

ತಿರುಪು ಹಿಡಿದು ಓಡಿದೆ, ಮರ್ಯಾದೆ ಪ್ರಶ್ನೆ.
"ಮುಟ್ಟಿದೆಯೋ, ಬಾಕಿ ದುಡ್ಡು ಸಿಗೋದಿಲ್ಲ,"
ಎಂದರು ಕ್ಲೋಟಿಲ್ಡ್, ಜಗ್ಗಿನ ಬಟ್ಟೆ ಸರಿಸುತ್ತ.

ನಿನ್ನೆ ಸಂಜೆ ಆ ದಾರಿಯಲ್ಲಿ ಹೋದೆ.
ಕಟಕಟೆಯ ತುಂಬ ಲೋಟಗಳು.
ನಾನು ಎಂಥ ಬಡಗಿ ಎಂಬ ಬಗ್ಗೆ
ಬೀದಿಗೆಲ್ಲ ಕೇಳುವಂತೆ, ಕೂಗದೆ,
ಸರಿಯಾಗಿ ಬೆಂಡೆಕಾಯಿಯ ದನಿಯಲ್ಲಿ
ಚರ್ಚೆ ನಡೆದಿತ್ತು.
ಕುರ್ಚಿ ಒಂದು ಖಾಲಿ.
ಒಂದು, ಎರಡು,
ಕಿರ್ರ್.